ಲೇಸರ್ 800 ಎಂ.ಎಂ.ಗೆ 21 ಮೈಕ್ರಾನ್ ಕಡಿಮೆ ತೋರಿಸುತ್ತಿದೆ, ಸ್ಟೆಪ್ ಗೇಜ್ ಸರಿ ಇದೆ ಅನ್ನುತ್ತಿದೆ. ಯಾವುದನ್ನು ನಂಬುವುದು?

ವಿಎಂಸಿ_ವಸಂತನರಸಾಪುರ (ಪ್ರಶ್ನೆ)

ಮಶೀನ್: ಮೂರು ಅಕ್ಷದ ವಿಎಂಸಿ (ಕಂಪ್ಯೂಟರ್ ನಡೆಸುವ, ನಿಂತ ಸ್ಪಿಂಡಲಿನ ಲೋಹ ಕೊರೆಯುವ ಮಶೀನ್), ಎಕ್ಸ್ ಅಕ್ಷದ ಓಟ 850 ಎಂ.ಎಂ., ಬಾಲ್ ಸ್ಕ್ರೂ (ಟೇಬಲ್ ಓಡಿಸುವ ತಿರುಪು) ಪಿಚ್, ಅಂದರೆ ಒಂದು ಸುತ್ತಿಗೆ ಓಡುವ ದೂರ, 10 ಎಂ.ಎಂ. ಲೀನಿಯರ್ ಸ್ಕೇಲ್ ಇಲ್ಲ, ಮೋಟಾರಿನ ಎನ್‌ಕೋಡರೇ ಆಧಾರ. ಕಂಟ್ರೋಲರ್ ಫಾನಕ್. ಜಾಗ ತುಮಕೂರಿನ ವಸಂತನರಸಾಪುರ, ಶೀಟ್ ಹೊದಿಸಿದ ಶೆಡ್, ಎಸಿ ಇಲ್ಲ.

ಹೀಲಿಯಂ-ನಿಯಾನ್ ಲೇಸರ್ ಇಂಟರ್‌ಫೆರೋಮೀಟರ್ (ಲೇಸರ್ ಬೆಳಕಿನಿಂದ ಉದ್ದ ನೋಡುವ ಉಪಕರಣ) ಬಾಡಿಗೆಗೆ ತಂದು ಬೆಳಿಗ್ಗೆ ಎಕ್ಸ್ ಅಕ್ಷ ಅಳೆದದ್ದು. 0ಯಿಂದ 800ರವರೆಗೆ ನೂರು ನೂರರ ಹೆಜ್ಜೆ, ಐದು ಸಲ ಹೋಗಿ ಬಂದು. ಸರಾಸರಿ ಹೀಗಿದೆ, ಮೈಕ್ರಾನಿನಲ್ಲಿ: 0, −2, −5, −8, −10, −13, −16, −18, −21. ರಿವರ್ಸಲ್ (ಹೋಗುವಾಗಿನ, ಬರುವಾಗಿನ ಅಂಕಿಗಳ ಅಂತರ) 3, ರಿಪೀಟಬಿಲಿಟಿ (ಮತ್ತೆ ಮತ್ತೆ ಅಳೆದಾಗಿನ ಅಂತರ) 2ರ ಒಳಗೆ. ಅಂದರೆ ಗ್ರಾಫ್ ಒಂದೇ ಇಳಿಜಾರಿನ ನೇರ ಗೆರೆ, ಮೀಟರಿಗೆ ಸುಮಾರು 26 ಮೈಕ್ರಾನ್ ಕಡಿಮೆ.

ಆ ಅಂಕಿಗಳಿಂದ ಪಿಚ್ ಎರರ್ ಕಾಂಪೆನ್ಸೇಷನ್ (ಅಕ್ಷದ ತಪ್ಪನ್ನು ಕಂಟ್ರೋಲರ್ ತಾನೇ ತಿದ್ದಿಕೊಳ್ಳುವ ಪಟ್ಟಿ) ತುಂಬಿ ಮತ್ತೆ ಓಡಿಸಿದಾಗ ಲೇಸರ್ ±2ರ ಒಳಗೆ ಬಂತು. ಆದರೆ 600 ಎಂ.ಎಂ. ಸ್ಟೀಲ್ ಸ್ಟೆಪ್ ಗೇಜನ್ನು (ಗೊತ್ತಿರುವ ಅಂತರದ ಮೆಟ್ಟಿಲುಗಳಿರುವ ಅಳತೆಪಟ್ಟಿ) ರಾತ್ರಿಯಿಡೀ ಟೇಬಲ್ ಮೇಲೆ ಬಿಟ್ಟು ಪ್ರೋಬಿನಿಂದ ಮುಟ್ಟಿಸಿದರೆ ಈಗ 15 ಮೈಕ್ರಾನ್ ಕಡಿಮೆ ಓದುತ್ತಿದೆ. ಕಾಂಪೆನ್ಸೇಷನ್ ಹಾಕುವ ಮೊದಲು ಅದೇ ಗೇಜ್ 2 ಮೈಕ್ರಾನಿನೊಳಗೆ ಸರಿಯಾಗಿತ್ತು. ಗೇಜಿನ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆ.

ಲೇಸರಿನ ಜೊತೆ ಬಂದ ಹವಾಮಾನ ಯೂನಿಟ್ಟಿನ ಕೇಬಲ್ ಕೆಟ್ಟಿದ್ದರಿಂದ ಅಂಕಿಗಳನ್ನು ಕೈಯಿಂದ ಹಾಕಲಾಗಿದೆ: ಗಾಳಿ 27 ಡಿಗ್ರಿ, ತೇವಾಂಶ 55%, ಒತ್ತಡ 1013 ಹೆಕ್ಟೊಪಾಸ್ಕಲ್ (ಫೋನಿನ ಹವಾಮಾನ ಆ್ಯಪ್ ನೋಡಿ), ಟೇಬಲ್ 27.0 ಡಿಗ್ರಿ, ಹಿಗ್ಗುವಿಕೆ ಡಿಗ್ರಿಗೆ 11.7 ಪಿಪಿಎಂ (1 ಪಿಪಿಎಂ ಅಂದರೆ ಮೀಟರಿಗೆ 1 ಮೈಕ್ರಾನ್).

ಇನ್ನೊಂದು ಗೊಂದಲ. ಅದೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ, ಅಂಕಿಗಳನ್ನು ಬದಲಿಸದೆ ಮತ್ತೆ ಓಡಿಸಿದರೆ 800ರಲ್ಲಿ +34 ಮೈಕ್ರಾನ್. ಆಗ ಶೆಡ್ಡಿನಲ್ಲಿ 31 ಡಿಗ್ರಿ. ಲೇಸರ್ ತಪ್ಪೋ, ಗೇಜ್ ತಪ್ಪೋ, ಮಶೀನೋ?

ಅಲೈನ್‌ಮೆಂಟ್_ಮೊದಲು

ಲೇಸರ್ ಕಡಿಮೆ ಓದಿದರೆ ಮೊದಲ ಅನುಮಾನ ಕೊಸೈನ್ ಎರರ್ ಮೇಲೆ. ಕಿರಣ ಅಕ್ಷಕ್ಕೆ ಸಮಾನಾಂತರವಾಗಿ ಇಲ್ಲದಿದ್ದರೆ ಟೇಬಲ್ ಓಡಿದ ದೂರದ ಒಂದು ಪಾಲನ್ನಷ್ಟೇ ಅದು ನೋಡುತ್ತದೆ. ಈ ತಪ್ಪು ಯಾವಾಗಲೂ ಕಡಿಮೆಯ ಕಡೆಗೇ ಬರುತ್ತದೆ, ಹೆಚ್ಚಿನ ಕಡೆಗೆ ಎಂದೂ ಬರುವುದಿಲ್ಲ. ಗ್ರಾಫೂ ನೇರ ಗೆರೆಯೇ. ನಿಮ್ಮ ಲಕ್ಷಣಕ್ಕೆ ಹೊಂದುತ್ತದೆ.

ಹೀಗೆ ನೋಡಿ: ರಿಫ್ಲೆಕ್ಟರಿನ (ಕಿರಣವನ್ನು ವಾಪಸು ಕಳಿಸುವ ಕನ್ನಡಿ) ಮುಂದೆ ಟಾರ್ಗೆಟ್ ಸಿಕ್ಕಿಸಿ. ಟೇಬಲ್ ಹತ್ತಿರದ ತುದಿಯಲ್ಲಿದ್ದಾಗ ಲೇಸರ್ ತಲೆಯನ್ನು ಅಡ್ಡಕ್ಕೆ, ಮೇಲಕ್ಕೆ ಸರಿಸಿ ಚುಕ್ಕೆಯನ್ನು ನಡುವಿಗೆ ತನ್ನಿ. ದೂರದ ತುದಿಯಲ್ಲಿದ್ದಾಗ ಕೋನ ತಿರುಗಿಸಿ ನಡುವಿಗೆ ತನ್ನಿ. ಹತ್ತಿರದಲ್ಲಿ ಸರಿಸುವುದು, ದೂರದಲ್ಲಿ ತಿರುಗಿಸುವುದು. ಅದಲುಬದಲು ಮಾಡಿದರೆ ದಿನವಿಡೀ ಕೂತರೂ ಮುಗಿಯುವುದಿಲ್ಲ. ಮೂರು ನಾಲ್ಕು ಸುತ್ತಿನಲ್ಲಿ ಎರಡೂ ತುದಿಗಳಲ್ಲಿ ಚುಕ್ಕೆ ಅಲುಗದೆ ನಿಲ್ಲಬೇಕು. ಆಮೇಲೆ ಟಾರ್ಗೆಟ್ ತೆಗೆದು ಸಿಗ್ನಲ್ ಪಟ್ಟಿ ನೋಡುತ್ತಾ ಇಡೀ ಓಟ ಓಡಿಸಿ. ಪಟ್ಟಿ ಒಂದು ಕಡೆ ಕುಸಿದರೆ ಇನ್ನೂ ಓರೆ ಇದೆ ಅಂತ.

ಅಲೆಯುದ್ದ_ತುಮಕೂರು

ಮೇಲಿನ ಅಲೈನ್‌ಮೆಂಟ್ ಕ್ರಮ ಸರಿಯಾಗಿದೆ, ಹಾಗೇ ಮಾಡಿ. ಆದರೆ ಈ 21 ಮೈಕ್ರಾನಿಗೆ ಕೊಸೈನ್ ಕಾರಣವಲ್ಲ. ಲೆಕ್ಕ ಹಾಕಿ ನೋಡಿ. ಕೊಸೈನ್ ತಪ್ಪು ಕೋನದ ವರ್ಗದ ಅರ್ಧ. 26 ಪಿಪಿಎಂ ಬರಬೇಕಾದರೆ ಕಿರಣ 7 ಮಿಲಿರೇಡಿಯನ್ ಓರೆ ಇರಬೇಕು, ಅಂದರೆ 800 ಎಂ.ಎಂ. ಓಟದಲ್ಲಿ ಚುಕ್ಕೆ ಹತ್ತಿರಹತ್ತಿರ 6 ಎಂ.ಎಂ. ಸರಿಯಬೇಕು. ರೆಟ್ರೊರಿಫ್ಲೆಕ್ಟರಿನಿಂದ ವಾಪಸು ಬರುವ ಕಿರಣ ಅದರ ಎರಡರಷ್ಟು ಸರಿಯುತ್ತದೆ. ಅಷ್ಟು ದೂರ ಹೋಗುವ ಮೊದಲೇ ಸಿಗ್ನಲ್ ಸತ್ತು "ಬೀಮ್ ತುಂಡಾಯಿತು" ಅಂತ ಸಾಫ್ಟ್‌ವೇರ್ ನಿಲ್ಲಿಸುತ್ತಿತ್ತು. ಕಣ್ಣಿಗೆ ಕಾಣುವಷ್ಟು, ಅಂದರೆ 800ಕ್ಕೆ 1 ಎಂ.ಎಂ. ಓರೆ ಇದ್ದರೂ ತಪ್ಪು ಒಂದು ಮೈಕ್ರಾನ್ ಮುಟ್ಟುವುದಿಲ್ಲ.

ತಪ್ಪು ಇರುವುದು ನೀವು ಹಾಕಿದ 1013ರಲ್ಲಿ.

ಹವಾಮಾನ ಆ್ಯಪ್ ತೋರಿಸುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಬೇರೆ ಬೇರೆ ಎತ್ತರದ ಊರುಗಳ ಹವೆಯನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಹಾಗೆ ಮಾಡುತ್ತಾರೆ. ತುಮಕೂರು ಇರುವುದು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಮೇಲೆ. ಇಲ್ಲಿ ಮಶೀನಿನ ಪಕ್ಕದಲ್ಲಿರುವ ಗಾಳಿಯ ನಿಜವಾದ ಒತ್ತಡ 919ರ ಆಸುಪಾಸು. ನೀವು ಲೇಸರಿಗೆ ಮಂಗಳೂರಿನ ಕಡಲ ದಂಡೆಯ ಗಾಳಿ ಕೊಟ್ಟು ತುಮಕೂರಿನ ಟೇಬಲ್ ಅಳೆಸಿದ್ದೀರಿ.

ಇದು ಯಾಕೆ ಇಷ್ಟು ದೊಡ್ಡದು ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಉಪಕರಣದ ಜೀವ ಇರುವುದು ಇಲ್ಲೇ. ಇಂಟರ್‌ಫೆರೋಮೀಟರ್ ದೂರವನ್ನು ಅಳೆಯುವುದಿಲ್ಲ, ಎಣಿಸುತ್ತದೆ. ರಿಫ್ಲೆಕ್ಟರ್ ಅರ್ಧ ಅಲೆಯುದ್ದ ಸರಿದರೆ ಒಂದು ಫ್ರಿಂಜ್ (ಬೆಳಕು ಕತ್ತಲೆಯ ಒಂದು ಪಟ್ಟಿ), ಸುಮಾರು 316 ನ್ಯಾನೊಮೀಟರ್. 800 ಎಂ.ಎಂ.ನಲ್ಲಿ ಇಂಥವು 25 ಲಕ್ಷಕ್ಕೂ ಹೆಚ್ಚು. ಎಣಿಕೆಯಲ್ಲಿ ತಪ್ಪುವುದಿಲ್ಲ. ಎಣಿಸಿದ್ದನ್ನು ಉದ್ದವಾಗಿಸಲು ಒಂದು ಫ್ರಿಂಜ್ ಎಷ್ಟುದ್ದ ಅಂತ ಗೊತ್ತಿರಬೇಕು, ಮತ್ತು ಅದು ಗಾಳಿಯ ಮೇಲೆ ನಿಂತಿದೆ. ನಿರ್ವಾತದಲ್ಲಿ ಈ ಲೇಸರಿನ ಅಲೆಯುದ್ದ 632.991 ನ್ಯಾನೊಮೀಟರ್. 27 ಡಿಗ್ರಿ, 919 ಹೆಕ್ಟೊಪಾಸ್ಕಲಿನ ಗಾಳಿಯಲ್ಲಿ ಅದು 632.839ಕ್ಕೆ ಇಳಿಯುತ್ತದೆ. 1013 ಎಂದು ಹಾಕಿದರೆ ಗಾಳಿ ಇನ್ನೂ ದಟ್ಟ ಇದೆ ಅಂದುಕೊಂಡು ಸಾಫ್ಟ್‌ವೇರ್ 632.824 ಹಿಡಿಯುತ್ತದೆ. ವ್ಯತ್ಯಾಸ ನ್ಯಾನೊಮೀಟರಿನ ನೂರರಲ್ಲಿ ಒಂದೂವರೆ ಪಾಲು. ಒಂದು ಅಲೆಗೆ ಅದು ಏನೂ ಅಲ್ಲ, ಆದರೆ ಲಕ್ಷಗಟ್ಟಲೆ ಕೂಡಿಸಿದಾಗ ಮೀಟರಿಗೆ 24.6 ಮೈಕ್ರಾನ್. ನಿಮ್ಮ 800ಕ್ಕೆ 20 ಮೈಕ್ರಾನ್ ಕಡಿಮೆ. ನಿಮಗೆ ಬಂದದ್ದು 21. ಉಳಿದ ಒಂದರಲ್ಲಿ ಕೊಸೈನಿನ ಪಾಲೂ ಇರಬಹುದು, ಮಶೀನಿನದೂ ಇರಬಹುದು.

ಸ್ಟೆಪ್ ಗೇಜಿನ ಲೆಕ್ಕವೂ ಇದರಲ್ಲೇ ಕೂಡುತ್ತದೆ. ಸರಿಯಾಗಿದ್ದ ಅಕ್ಷಕ್ಕೆ ಮೀಟರಿಗೆ 26 ಮೈಕ್ರಾನ್ ಹೆಚ್ಚು ಓಡು ಅಂತ ಹೇಳಿಕೊಟ್ಟಿರಿ. ಈಗ ಟೇಬಲ್ ನಿಜವಾಗಿ 600 ಓಡಿದಾಗ ಕಂಟ್ರೋಲರ್ 599.985 ಅನ್ನುತ್ತದೆ. ಗೇಜ್ ತಪ್ಪಿಲ್ಲ. ಕಾಂಪೆನ್ಸೇಷನ್ ತೆಗೆದುಬಿಡಿ.

ನೆನಪಿಡಬೇಕಾದ ದರಗಳು, ನಮ್ಮ ಎತ್ತರಕ್ಕೆ: ಒತ್ತಡ 1 ಹೆಕ್ಟೊಪಾಸ್ಕಲ್ ತಪ್ಪಿದರೆ 0.26 ಪಿಪಿಎಂ, ಗಾಳಿಯ ಉಷ್ಣತೆ 1 ಡಿಗ್ರಿ ತಪ್ಪಿದರೆ 0.8 ಪಿಪಿಎಂ, ತೇವಾಂಶ 50% ತಪ್ಪಿದರೂ ಅರ್ಧ ಪಿಪಿಎಂನ ಸುತ್ತಮುತ್ತ. ತೇವಾಂಶದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಒತ್ತಡದ ಬಗ್ಗೆ ಕೆಡಿಸಿಕೊಳ್ಳಿ.

ವಿಎಂಸಿ_ವಸಂತನರಸಾಪುರ

ಲೆಕ್ಕ ಪೂರ್ತಿ ಕೂಡುತ್ತಿದೆ, ಧನ್ಯವಾದ. ಹವಾಮಾನ ಯೂನಿಟ್ ರಿಪೇರಿ ಆಗುವವರೆಗೆ ಒತ್ತಡ ಎಲ್ಲಿಂದ ತೆಗೆದುಕೊಳ್ಳುವುದು? ಫೋನಿನಲ್ಲೇ ಬ್ಯಾರೊಮೀಟರ್ ಸೆನ್ಸರ್ ಇದ್ದರೆ ಅದು ನಡೆಯುತ್ತದೆಯೇ? 919 ಅಂತ ಒಂದೇ ಅಂಕಿ ಬರೆದಿಟ್ಟುಕೊಂಡರೆ ಸಾಕೇ? ಮಧ್ಯಾಹ್ನದ +34 ಇನ್ನೂ ಅರ್ಥವಾಗಿಲ್ಲ.

ಅಲೆಯುದ್ದ_ತುಮಕೂರು

ಫೋನಿನ ಸೆನ್ಸರ್ ನಡೆಯುತ್ತದೆ. ಸೆನ್ಸರಿನ ಕಚ್ಚಾ ಅಂಕಿ ತೋರಿಸುವ ಆ್ಯಪ್ ಬೇಕು, ಊರಿನ ಹವೆ ತೋರಿಸುವ ಆ್ಯಪ್ ಅಲ್ಲ. ತುಮಕೂರಿನಲ್ಲಿ ನಿಂತು 1010ರ ಮೇಲೆ ಅಂಕಿ ಕಂಡರೆ ಅದು ಸಮುದ್ರಮಟ್ಟದ್ದೇ, ಮುಚ್ಚಿಬಿಡಿ. ಫೋನ್ ಸೆನ್ಸರ್ ಒಂದೆರಡು ಹೆಕ್ಟೊಪಾಸ್ಕಲ್ ಆಚೀಚೆ ಇದ್ದರೂ ಅರ್ಧ ಪಿಪಿಎಂ, ನಿಮ್ಮ ಮಶೀನಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಗ್ರಾಹಕರಿಗೆ ವರದಿ ಕೊಡುವ ಅಳತೆಯಾದರೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇರುವ ಬ್ಯಾರೊಮೀಟರೇ ಬೇಕು.

ಒಂದೇ ಅಂಕಿ ಬರೆದಿಡಬೇಡಿ. ನಮ್ಮಂಥ ಉಷ್ಣವಲಯದಲ್ಲಿ ಮಳೆ ಮೋಡ ಏನೂ ಇಲ್ಲದ ದಿನವೂ ಒತ್ತಡ ದಿನಕ್ಕೆ ಎರಡು ಸಲ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರು, ಸಂಜೆ ನಾಲ್ಕರ ಸುಮಾರಿಗೆ ಇಳಿತ, ನಡುವೆ 3–4 ಹೆಕ್ಟೊಪಾಸ್ಕಲ್. ಅದೇ ಒಂದು ಪಿಪಿಎಂ ಆಯಿತು. ಪ್ರತಿ ಓಟದ ಮೊದಲು ಹೊಸ ಅಂಕಿ ಹಾಕಿ.

ಗಾಳಿಯ ಉಷ್ಣತೆಯನ್ನು ಕಿರಣದ ಎತ್ತರದಲ್ಲಿ, ಕಿರಣದ ಹತ್ತಿರದಲ್ಲೇ ತೆಗೆದುಕೊಳ್ಳಿ. ಗೋಡೆಯ ಮೇಲಿನ ಥರ್ಮಾಮೀಟರ್ ಬೇಡ. ಲೇಸರ್ ತಲೆಯ ಮೇಲೆ ಸೆನ್ಸರ್ ಇಟ್ಟರೆ ತಲೆಯ ಬಿಸಿಯನ್ನೇ ಓದುತ್ತದೆ.

ಮೆಟ್ರಾಲಜಿ_ಚಿಕ್ಕಬಳ್ಳಾಪುರ

ಅಂಕಿಯನ್ನು ಊರಿಂದ ಊರಿಗೂ ಒಯ್ಯಬೇಡಿ. ಚಿಕ್ಕಬಳ್ಳಾಪುರ ತುಮಕೂರಿಗಿಂತ ಸುಮಾರು ನೂರು ಮೀಟರ್ ಎತ್ತರ, ಇಲ್ಲಿ ಒತ್ತಡ 908–910. ನಮ್ಮ ಕಡೆ ಸುಮಾರು 9 ಮೀಟರ್ ಹತ್ತಿದರೆ 1 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ನಂದಿ ಬೆಟ್ಟದ ತುದಿಯಲ್ಲಿ 850ರ ಹತ್ತಿರ.

ಈಗ ಮಧ್ಯಾಹ್ನದ +34. ಇದು ಬೆಳಕಿನ ವಿಷಯವಲ್ಲ, ಕಬ್ಬಿಣದ ವಿಷಯ. ಉದ್ದದ ಅಳತೆಗಳೆಲ್ಲ 20 ಡಿಗ್ರಿಗೆ ಲೆಕ್ಕ. ಲೇಸರ್ ನಿಜವಾಗಿ ಕಂಡ ಉದ್ದವನ್ನು ಸಾಫ್ಟ್‌ವೇರ್ ನಿಮ್ಮ ಟೇಬಲ್ ಉಷ್ಣತೆ ಮತ್ತು 11.7 ಪಿಪಿಎಂ ಬಳಸಿ 20 ಡಿಗ್ರಿಗೆ ಇಳಿಸಿ ತೋರಿಸುತ್ತದೆ. ಬೆಳಿಗ್ಗೆ 27 ಅಂತ ಹಾಕಿದಿರಿ, ಏಳು ಡಿಗ್ರಿಯ ಹಿಗ್ಗು ಕಳೆಯಿತು. ಮಧ್ಯಾಹ್ನ ಸ್ಕ್ರೂ 31ಕ್ಕೆ ಏರಿದ್ದರೂ ಅದು ಏಳನ್ನೇ ಕಳೆಯಿತು. ಉಳಿದ ನಾಲ್ಕು ಡಿಗ್ರಿ: 4 × 11.7 = 46.8 ಪಿಪಿಎಂ, 800ಕ್ಕೆ +37 ಮೈಕ್ರಾನ್. ಗಾಳಿಯೂ 27ರಲ್ಲೇ ಉಳಿದದ್ದಕ್ಕೆ ಸುಮಾರು −2.6, ಮಧ್ಯಾಹ್ನ ಒತ್ತಡ ಇಳಿದದ್ದಕ್ಕೆ −0.6. ಕೂಡಿಸಿದರೆ +34. ಕಾಂಪೆನ್ಸೇಷನ್ ಅಳಿಸಿಹೋಗಿಲ್ಲ.

ಇಲ್ಲಿ ಗಮನಿಸಿ, ಗಾಳಿ ಒಂದು ಡಿಗ್ರಿ ತಪ್ಪಿದರೆ 0.8 ಪಿಪಿಎಂ, ಲೋಹ ಒಂದು ಡಿಗ್ರಿ ತಪ್ಪಿದರೆ 11.7. ಹದಿನಾಲ್ಕು ಪಟ್ಟು. ಹಾಗಾಗಿ ಎಸಿ ಇಲ್ಲದ ಶೆಡ್ಡಿನಲ್ಲಿ ಒತ್ತಡ ಸರಿಪಡಿಸಿದ ಮೇಲೆ ಉಳಿಯುವ ದೊಡ್ಡ ಶತ್ರು ಲೋಹದ ಸೆನ್ಸರೇ. ಅರ್ಧ ಡಿಗ್ರಿ ತಪ್ಪು ನಿಮ್ಮ 800ರಲ್ಲಿ 4.7 ಮೈಕ್ರಾನ್ ತಿನ್ನುತ್ತದೆ.

ಸೆನ್ಸರ್ ಎಲ್ಲಿಡಬೇಕು ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ. ಮೋಟಾರ್ ಪಕ್ಕದ ಬೇರಿಂಗ್ ಹೌಸಿಂಗ್ ಮೇಲೆ ಇಡಬೇಡಿ, ಅದು ಸ್ಕ್ರೂಗಿಂತ ಬಿಸಿ ಇರುತ್ತದೆ. ಟೇಬಲ್ ಮೇಲೆ ಒಂದು, ನಟ್ ಬ್ರಾಕೆಟ್ (ಸ್ಕ್ರೂ ಮೇಲೆ ಓಡುವ ನಟ್ ಹಿಡಿದಿರುವ ಭಾಗ) ಕಡೆ ಒಂದು ಇಟ್ಟು ಎರಡನ್ನೂ ಹೋಲಿಸಿ. ಇವೆರಡರ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಮಶೀನ್ ಇನ್ನೂ ನೆಲೆಗೆ ಬಂದಿಲ್ಲ, ಅಳೆಯಲು ಕೂರಬೇಡಿ. ಮ್ಯಾಗ್ನೆಟ್ ಸೆನ್ಸರ್ ಅಂಟಿಸುವ ಜಾಗದ ಎಣ್ಣೆ, ಬಣ್ಣ ಒರೆಸಿ. ಅಂಟಿಸಿದ ಮೇಲೆ ಹತ್ತು ಹದಿನೈದು ನಿಮಿಷ ಕಾಯಿರಿ. ಗಾಜಿನ ಸ್ಕೇಲ್ ಇರುವ ಮಶೀನಾದರೆ 11.7 ಹಾಕಲೇಬೇಡಿ, ಗಾಜು 8ರ ಸುತ್ತಮುತ್ತ ಹಿಗ್ಗುತ್ತದೆ, ಸ್ಕೇಲ್ ತಯಾರಕರು ಕೊಟ್ಟ ಅಂಕಿ ಹಾಕಿ.

ಶೀಟ್ ಛಾವಣಿಯ ಶೆಡ್ಡಿಗೆ ಸೂಕ್ತ ಹೊತ್ತು ಬೆಳಗಿನ ಜಾವದಿಂದ ಎಂಟರವರೆಗೆ. ಆಮೇಲೆ ಶೀಟ್ ಕಾದು ಮೇಲಿನ ಗಾಳಿ ಬಿಸಿಯಾಗುತ್ತದೆ. ರೋಲಿಂಗ್ ಶಟರ್ ಎತ್ತಿ ಬಿಸಿಲು ಕಾಲಮ್ಮಿನ ಒಂದೇ ಮಗ್ಗುಲಿಗೆ ಬಿದ್ದರೆ ಅದು ಬಾಗುತ್ತದೆ. ಆಗ ಬರುವ ತಪ್ಪು ಉದ್ದಕ್ಕೆ ಅನುಗುಣವಾಗಿ ಇರುವುದಿಲ್ಲ, ಯಾವ ಗುಣಾಂಕದಿಂದಲೂ ತಿದ್ದಲಾಗದು.

ಸರ್ವೆ_ಕೋಲಾರ

ನಮ್ಮ ಸರ್ವೆಯವರಿಗೂ ಇದೇ ಪಾಠ ಅನ್ವಯಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಟೋಟಲ್ ಸ್ಟೇಷನ್ (ಸರ್ವೆಯಲ್ಲಿ ದೂರ, ಕೋನ ಅಳೆಯುವ ಉಪಕರಣ) ಫ್ರಿಂಜ್ ಎಣಿಸುವುದಿಲ್ಲ. ಬೆಳಕಿನ ಮೇಲೆ ಏರಿಸಿದ ಮಾಡ್ಯುಲೇಷನ್ ಪ್ರಿಸಂ ಮುಟ್ಟಿ ಬರುವಷ್ಟರಲ್ಲಿ ಎಷ್ಟು ಫೇಸ್ ಹಿಂದೆ ಬಿತ್ತು ಅಂತ ನೋಡುತ್ತದೆ. ಆದರೂ ಬೆಳಕು ಓಡುವುದು ಅದೇ ಗಾಳಿಯಲ್ಲಿ. 1013 ಹೆಕ್ಟೊಪಾಸ್ಕಲ್, 12 ಡಿಗ್ರಿಗೆ ಸೊನ್ನೆ ಪಿಪಿಎಂ ಇರುವ ಉಪಕರಣವನ್ನು ಕೋಲಾರದಲ್ಲಿ, 918 ಹೆಕ್ಟೊಪಾಸ್ಕಲ್, 28 ಡಿಗ್ರಿಯಲ್ಲಿ ಹಾಗೇ ಬಳಸಿದರೆ ಸುಮಾರು 40 ಪಿಪಿಎಂ ಕಡಿಮೆ ಓದುತ್ತದೆ. ಕಿಲೋಮೀಟರಿಗೆ 4 ಸೆಂಟಿಮೀಟರ್. ಪೆಟ್ಟಿಗೆಯ ಮೇಲೆ 1.5 ಪಿಪಿಎಂ ಅಂತ ಬರೆದಿರುವುದು ವಾತಾವರಣದ ತಿದ್ದುಪಡಿ ಸರಿಯಾಗಿ ಹಾಕಿದಾಗ ಮಾತ್ರ.

ಹೊಲದ ಪೋಡಿಗೆ ಇದು ಬಾಧಿಸುವುದಿಲ್ಲ. 40 ಪಿಪಿಎಂ ಉದ್ದದಲ್ಲಿ ಅಂದರೆ ವಿಸ್ತೀರ್ಣದಲ್ಲಿ 80, ಒಂದು ಎಕರೆಗೆ ಚದರ ಮೀಟರಿನ ಮೂರನೇ ಒಂದು ಭಾಗ. ರಸ್ತೆ, ಕಾಲುವೆ, ಸುರಂಗದ ಟ್ರಾವರ್ಸ್ (ಬಿಂದುವಿನಿಂದ ಬಿಂದುವಿಗೆ ಸಾಗುವ ಸರಣಿ ಅಳತೆ) ಆದರೆ ಬಾಧಿಸುತ್ತದೆ, ಯಾಕೆಂದರೆ ಎಲ್ಲ ಭುಜಗಳೂ ಒಂದೇ ಕಡೆಗೆ ಕುಗ್ಗುತ್ತವೆ. ಲೂಪ್ ಮುಚ್ಚಿ ನೋಡಿದರೂ ಸಿಕ್ಕಿಬೀಳುವುದಿಲ್ಲ, ಇಡೀ ಆಕಾರವೇ ಅದೇ ಪ್ರಮಾಣದಲ್ಲಿ ಚಿಕ್ಕದಾಗಿರುತ್ತದೆ. ಗೊತ್ತಿರುವ ಎರಡು ಕಂಟ್ರೋಲ್ ಬಿಂದುಗಳ ನಡುವೆ ಕಟ್ಟಿದಾಗಷ್ಟೇ ಬಯಲಾಗುತ್ತದೆ.

ಪ್ರಿಸಂ ಕಾನ್‌ಸ್ಟಂಟ್ (ಪ್ರಿಸಂಗೆ ಕೂಡಿಸುವ ಸ್ಥಿರ ತಿದ್ದುಪಡಿ) ತಪ್ಪಿನ ಜೊತೆ ಇದನ್ನು ಕಲಸಬೇಡಿ. ಪ್ರಿಸಂ ತಪ್ಪಿದ್ದರೆ 50 ಮೀಟರಿಗೂ 500 ಮೀಟರಿಗೂ ಒಂದೇ 30 ಮಿಲಿಮೀಟರ್. ಗಾಳಿ ತಪ್ಪಿದ್ದರೆ ದೂರದ ಜೊತೆ ಬೆಳೆಯುತ್ತದೆ. ಒಂದು ಹತ್ತಿರದ, ಒಂದು ದೂರದ ಅಳತೆ ಸಾಕು, ಕಳ್ಳ ಯಾರು ಅಂತ ಗೊತ್ತಾಗುತ್ತದೆ.

ವಿಎಂಸಿ_ವಸಂತನರಸಾಪುರ

ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ಓಡಿಸುವ ಯೋಚನೆ. ಕಾಂಪೆನ್ಸೇಷನ್ ಪಟ್ಟಿ ಸೊನ್ನೆ ಮಾಡಿಯೇ ಶುರು ಮಾಡಬೇಕೇ? ಇನ್ನೇನು ಗಮನಿಸಬೇಕು?

ಅಲೆಯುದ್ದ_ತುಮಕೂರು

ಸೊನ್ನೆ ಮಾಡಿಯೇ ಶುರು ಮಾಡಿ. ಹಳೆಯದರ ಮೇಲೆ ಹೊಸದನ್ನು ಕೂಡಿಸುವ ಲೆಕ್ಕದಲ್ಲಿ ಚಿಹ್ನೆ ತಪ್ಪುವುದು ತೀರಾ ಸುಲಭ. ಸೊನ್ನೆ ಮಾಡುವ ಮೊದಲು ಈಗಿನ ಪ್ಯಾರಾಮೀಟರುಗಳ ಬ್ಯಾಕಪ್ ತೆಗೆದಿಡಿ. ಫಾನಕ್‌ನಲ್ಲಿ 3620 ರೆಫರೆನ್ಸ್ ಬಿಂದುವಿನ ಸಂಖ್ಯೆ, 3621 ಮತ್ತು 3622 ಎರಡು ತುದಿಗಳು, 3623 ಗುಣಕ, 3624 ಬಿಂದುಗಳ ನಡುವಿನ ಅಂತರ. ಪಟ್ಟಿಯಲ್ಲಿ ತುಂಬುವುದು ಹಿಂದಿನ ಬಿಂದುವಿನಿಂದ ಎಷ್ಟು ಬದಲಾಯಿತು ಅನ್ನುವ ಹೆಚ್ಚಳ, ಸೊನ್ನೆಯಿಂದ ಒಟ್ಟು ತಪ್ಪಲ್ಲ. ಸೀಮೆನ್ಸ್‌ನಲ್ಲಿ ಒಟ್ಟು ತಪ್ಪು ತುಂಬುತ್ತಾರೆ. ಒಂದರ ಫೈಲನ್ನು ಇನ್ನೊಂದರ ರೀತಿಯಲ್ಲಿ ತುಂಬಿದರೆ ಅಕ್ಷ ಹಾಳಾಗುತ್ತದೆ, ಹಾಗಾಗಿ ಲೇಸರ್ ಸಾಫ್ಟ್‌ವೇರಿನಲ್ಲಿ ಕಂಟ್ರೋಲರ್ ಯಾವುದು ಅಂತ ಆರಿಸಿದ್ದನ್ನು ಎರಡು ಸಲ ನೋಡಿ. ತುಂಬಿದ ಮೇಲೆ ಪವರ್ ಆಫ್ ಮಾಡಿ, ಆನ್ ಮಾಡಿ, ರೆಫರೆನ್ಸಿಗೆ ಕಳಿಸಿ.

ಲೇಸರ್ ಆನ್ ಮಾಡಿ ಅದು ಸ್ಥಿರ ಅಂತ ದೀಪ ತೋರಿಸುವವರೆಗೆ ಮುಟ್ಟಬೇಡಿ. ಅಷ್ಟರಲ್ಲಿ ಅಕ್ಷವನ್ನು ಅರ್ಧ ಗಂಟೆ ಹಿಂದೆ ಮುಂದೆ ಓಡಿಸಿ ಬೆಚ್ಚಗೆ ಮಾಡಿ, ನಿಮ್ಮ ನಿತ್ಯದ ಕೆಲಸದ ವೇಗದಲ್ಲೇ. ಸುಮ್ಮನೆ ವೇಗವಾಗಿ ಓಡಿಸಿದರೆ ಸ್ಕ್ರೂ ಕೆಲಸದಲ್ಲಿ ಎಂದೂ ಕಾಣದ ಬಿಸಿಗೆ ಹೋಗುತ್ತದೆ. ಪೆಡೆಸ್ಟಲ್ ಫ್ಯಾನ್ ಕಿರಣಕ್ಕೆ ಅಡ್ಡಲಾಗಿ ಬೀಸದಿರಲಿ. ಅಂಕಿ ನಿಂತಲ್ಲೇ ಅರ್ಧ ಮೈಕ್ರಾನ್ ಕುಣಿಯುತ್ತಿದ್ದರೆ ಅದು ಗಾಳಿಯ ಸುಳಿ ಅಥವಾ ಪಕ್ಕದ ಕಂಪ್ರೆಸರಿನ ನಡುಕ.

ಬೀಮ್ ಸ್ಪ್ಲಿಟರನ್ನು (ಕಿರಣವನ್ನು ಎರಡಾಗಿ ಒಡೆಯುವ ಗಾಜು) ಸ್ಪಿಂಡಲ್ ಕಡೆ, ರಿಫ್ಲೆಕ್ಟರನ್ನು ಟೇಬಲ್ ಮೇಲೆ ಕಟ್ಟಿ. ಎರಡೂ ಹತ್ತಿರ ಬರುವ ತುದಿಯಲ್ಲೇ ಸೊನ್ನೆ ಇಡಿ. ಸೊನ್ನೆಯಲ್ಲಿ ಅವುಗಳ ನಡುವೆ ಉಳಿಯುವ ಖಾಲಿ ದಾರಿಯೂ ಗಾಳಿಯೇ, ಅದೂ ಹಿಗ್ಗಿ ಕುಗ್ಗಿ ಸೊನ್ನೆಯನ್ನು ಸರಿಸುತ್ತದೆ. ರಿಫ್ಲೆಕ್ಟರ್ ಟೇಬಲಿನಿಂದ ಎಷ್ಟೆತ್ತರ ಅನ್ನುವುದೂ ಮುಖ್ಯ. ಟೇಬಲ್ ಓಡುವಾಗ ಒಂದು ಆರ್ಕ್‌ಸೆಕೆಂಡ್ ತಲೆಯಾಡಿಸಿದರೂ 200 ಎಂ.ಎಂ. ಎತ್ತರದಲ್ಲಿ ಒಂದು ಮೈಕ್ರಾನ್ ಆಗುತ್ತದೆ, ಇದು ಅಬ್ಬೆ ತಪ್ಪು. ಕೆಲಸದ ತುಂಡು ಸಾಮಾನ್ಯವಾಗಿ ಇರುವ ಎತ್ತರದಲ್ಲೇ ಕಿರಣ ಓಡಲಿ.

ಪ್ರತಿ ಬಿಂದುವಿನಲ್ಲಿ 3–4 ಸೆಕೆಂಡ್ ನಿಲ್ಲಿಸಿ. ಎರಡೂ ತುದಿಗಳಲ್ಲಿ 5 ಎಂ.ಎಂ. ದಾಟಿ ಹೋಗಿ ವಾಪಸು ಬರಲಿ, ಇಲ್ಲದಿದ್ದರೆ ರಿವರ್ಸಲ್ ಸರಿಯಾಗಿ ಸಿಗುವುದಿಲ್ಲ. ಕಾಂಪೆನ್ಸೇಷನ್ ಪಟ್ಟಿಗಾಗಿ ಅಳೆಯುವಾಗ ನೂರರ ಹೆಜ್ಜೆ ಸರಿ. ಪರೀಕ್ಷಿಸುವ ಕೊನೆಯ ಓಟಕ್ಕೆ ಮಾತ್ರ ಬೇರೆ ಬಿಂದುಗಳನ್ನು ಹಿಡಿಯಿರಿ, 103.7, 198.2 ಹೀಗೆ. ನಿಮ್ಮ ಸ್ಕ್ರೂ ಪಿಚ್ 10, ನೂರರ ಎಲ್ಲ ಬಿಂದುಗಳಲ್ಲೂ ಸ್ಕ್ರೂ ಒಂದೇ ಕೋನದಲ್ಲಿ ನಿಂತಿರುತ್ತದೆ. ಒಂದು ಸುತ್ತಿನೊಳಗೆ ಏರಿಳಿಯುವ ತಪ್ಪು ಇದ್ದರೆ ಅದು ನಿಮಗೆ ಕಾಣುವುದೇ ಇಲ್ಲ. ಮಶೀನ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 230ರ ಎರಡನೇ ಭಾಗ ಬಿಂದುಗಳನ್ನು ಹೀಗೆ ಅಸಮವಾಗಿ ಇಡಲು ಹೇಳುವುದು ಇದಕ್ಕೇ.

ನಾಳೆ ಒತ್ತಡ, ಲೋಹ, ಗಾಳಿ ಮೂರೂ ಸರಿಯಾಗಿ ಹಾಕಿದಾಗ 800ರಲ್ಲಿ 2–3 ಮೈಕ್ರಾನಿನ ಒಳಗೆ ಬಂದರೆ ಪಟ್ಟಿ ತುಂಬುವ ಅಗತ್ಯವೇ ಇಲ್ಲ. ರಿವರ್ಸಲಿನ 3 ಮೈಕ್ರಾನಿಗೆ 1851ರಲ್ಲಿ ಬ್ಯಾಕ್‌ಲ್ಯಾಶ್ ತಿದ್ದಿ, ಸ್ಟೆಪ್ ಗೇಜಿನಿಂದ ಮತ್ತೊಮ್ಮೆ ನೋಡಿ ಬಿಡಿ.